ಮೂವತ್ತಾರು ಸೀಟಿನ ಆಸ್ಪತ್ರೆ ಬಸ್ಸು

ನಮ್ಮೂರಿನ ಬಸ್ಸು ಒಂದು ಸೀಟು ಖಾಲಿ ಇದ್ದರೂ ಹೊರಡುವುದಿಲ್ಲ, ಒಬ್ಬರು ನಿಂತಿದ್ದರೂ ಹೊರಡುವುದಿಲ್ಲ. ಮೂವತ್ತಾರು ಸೀಟಿದೆ, ಮೂವತ್ತಾರು ಜನ ಕೂತಿರಬೇಕು. ಆಗ ಗೇರು ಬೀಳುತ್ತದೆ. ಅಲ್ಲಿಯವರೆಗೆ ಇಂಜಿನ್ನು ಸುಮ್ಮನೆ ಗುರುಗುಟ್ಟುತ್ತಿರುತ್ತದೆ, ಡ್ರೈವರ್ ದಸ್ತಗೀರಣ್ಣ ಸ್ಟೇರಿಂಗಿನ ಮೇಲೆ ಪೇಪರು ಹರಡಿಕೊಂಡು ಸಿನಿಮಾ ಪುಟ ಓದುತ್ತಿರುತ್ತಾನೆ. ಡ್ರೈವರು, ಕಂಡಕ್ಟರು ಲೆಕ್ಕಕ್ಕಿಲ್ಲ. ಮಡಿಲಲ್ಲಿರುವ ಮಗುವೂ ಲೆಕ್ಕಕ್ಕಿಲ್ಲ. ಆದರೆ ಅದೇ ಮಗು ಹಠ ಮಾಡಿ ಕೆಳಗಿಳಿದು ನಿಂತರೆ ಬಸ್ಸೂ ನಿಂತುಬಿಡುತ್ತದೆ. ಅದಕ್ಕೇ ನಮ್ಮೂರ ತಾಯಂದಿರು ಬಸ್ಸು ಹತ್ತುವಾಗ ಸೆರಗಿನಲ್ಲಿ ಒಂದು ಹಿಡಿ ಮಂಡಕ್ಕಿ ಕಟ್ಟಿಕೊಂಡಿರುತ್ತಾರೆ. ಜೀಪಿಗೆ, ಸೈಕಲ್ಲಿಗೆ, ರೈಲಿಗೆ ಈ ಕಟ್ಟಳೆ ಇಲ್ಲ. ಎರಡು ವರ್ಷದ ಹಿಂದೆ ದೊಡ್ಡ ಪಟ್ಟಣದಿಂದ ಒಂದು ಬಸ್ಸು ಕಳಿಸಿದ್ದರು. ಅಲ್ಲಿ ಹತ್ತು ವರ್ಷ ಖಾಲಿಯೂ ಓಡಿತ್ತು, ಜೋತುಬಿದ್ದವರನ್ನು ಹೊತ್ತೂ ಓಡಿತ್ತು. ನಮ್ಮ ಸ್ಟ್ಯಾಂಡಿನಲ್ಲಿ ಒಂದು ರಾತ್ರಿ ಕಳೆದದ್ದೇ, ಮಾರನೇ ದಿನದಿಂದ ಅದಕ್ಕೂ ನಮ್ಮ ಅಭ್ಯಾಸ ಹತ್ತಿತು.

ಹೀಗಿರುವುದರಿಂದ ನಮ್ಮೂರಿನವರು ಬಸ್ಸನ್ನು ಒಂದು ಜಗುಲಿಯ ಹಾಗೆ ಬಳಸುತ್ತಾರೆ. ಸಾಕವ್ವಜ್ಜಿ ಮನೆಯ ಅವರೆಕಾಯನ್ನೆಲ್ಲ ಬಸ್ಸಿನಲ್ಲೇ ಸುಲಿಯುತ್ತಾಳೆ. ಅಂಚೆ ಕಚೇರಿಯಿಂದ ನಿವೃತ್ತರಾದ ಬಸಲಿಂಗಯ್ಯನವರು ಓದು ಬಾರದವರಿಗೆ ಕಾಗದ ಓದಿ ಹೇಳುವುದು ಬಸ್ಸಿನಲ್ಲಿ. ಹೆಣ್ಣು ನೋಡುವ ಶಾಸ್ತ್ರ ಎಷ್ಟೋ ಬಸ್ಸಿನಲ್ಲೇ ಮುಗಿದಿದೆ. ಒಂದು ಗಂಟೆ ಎದುರುಬದುರು ಕೂತ ಮೇಲೆ ಮತ್ತೆ ಮನೆಗೆ ಹೋಗಿ ಉಪ್ಪಿಟ್ಟು ತಿನ್ನುವುದು ಯಾಕೆ ಎನ್ನುತ್ತಾರೆ. ಕ್ಷೌರ ಒಂದು ನಡೆಯುವುದಿಲ್ಲ, ಯಾಕೆಂದರೆ ಕ್ಷೌರದವನು ನಿಲ್ಲಬೇಕಲ್ಲ. ದಾರಿಯಲ್ಲಿ ಯಾರಾದರೂ ಇಳಿದರೆ ಇನ್ನೊಬ್ಬರು ಹತ್ತುವವರೆಗೆ ಬಸ್ಸು ಅಲ್ಲೇ. ಆಗ ಪಕ್ಕದ ಅಂಗಡಿಯವರು ಒಂದು ಬಾಗಿಲು ಎಳೆದುಕೊಂಡು ಬಂದು ಮುಂದಿನ ಸ್ಟಾಪಿನವರೆಗೆ ಕೂತು, ವಾಪಸ್ಸು ನಡೆದು ಹೋಗುತ್ತಾರೆ. ವ್ಯಾಪಾರ ಇದ್ದಾಗ ಬರುವುದಿಲ್ಲ. ಆಗ ಕಾಯಬೇಕು.

ನಾನು ಆಸ್ಪತ್ರೆ ಬಸ್ಸಿನ ಭರ್ತಿಯವಳು. ಒಂದೊಂದು ಬಸ್ಸಿಗೂ ನಾಲ್ಕು ಜನ ಭರ್ತಿಯವರನ್ನು ಇಟ್ಟಿದ್ದಾರೆ. ಸೀಟು ಕಡಿಮೆ ಬಿದ್ದರೆ ಹತ್ತಿ ಕೂರುವುದು, ಜನ ಹೆಚ್ಚಾದರೆ ಇಳಿಯುವುದು, ಇಷ್ಟೇ ಕೆಲಸ. ನನಗಿಂತ ಮುಂಚೆ ಅವ್ವ ಇದ್ದಳು. ಅವಳ ಮಂಡಿ ಹಿಡಿದುಕೊಂಡ ಮೇಲೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಬಂದೆ. ಬಿಟ್ಟದ್ದಕ್ಕೆ ಮಂಡಿ ಒಂದೇ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತದೆ. ಗಣಿತದ ಪಂಚಾಕ್ಷರಿ ಮೇಷ್ಟ್ರು ಹೆಸರು ಕರೆದಾಗಲೆಲ್ಲ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಉತ್ತರ ಗೊತ್ತಿರುತ್ತಿತ್ತು, ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಕೂತರೆ ಸಾಕು. ಎಂಟು ವರ್ಷ ಹಾಗೆ ಕೂತು ನೋಡಿದ್ದೇನೆ. ಯಾರು ಎಲ್ಲಿ ಇಳಿಯುತ್ತಾರೆ, ಯಾರು ಯಾರ ಪಕ್ಕ ಕೂರುವುದಿಲ್ಲ, ಯಾವ ಗಲ್ಲಿ ಎಲ್ಲಿಗೆ ಒಳದಾರಿ, ಎಲ್ಲ ಗೊತ್ತು. ಕಂಡಕ್ಟರ್ ತಿಪ್ಪಕ್ಕ ಮಾತ್ರ ದಿನಾ ಕೆಣಕುತ್ತಾಳೆ. "ಏನೇ ಹಾಲಮ್ಮ, ನಿನ್ನ ಬಾಯಿಗೂ ಮೂವತ್ತಾರು ಜನ ಸೇರ್ಬೇಕೇನೇ, ತೆರೆಯೋಕೆ?"

ಕಳೆದ ಬೇಸಿಗೆ ದೊಡ್ಡ ಪಟ್ಟಣದ ಸಾರಿಗೆ ಕಚೇರಿಯಿಂದ ನೋಟೀಸು ಬಂತು. ಆಸ್ಪತ್ರೆ ಬಸ್ಸು ವಿಪರೀತ ತಡ ಮಾಡುತ್ತದೆ, ಬಸ್ಸಿನ ವಿಷಯ ಬಲ್ಲವರೊಬ್ಬರನ್ನು ಕರೆದುಕೊಂಡು ಬಂದು ವಿವರಣೆ ಕೊಡಿ ಅಂತ. ಸ್ಟ್ಯಾಂಡಿನ ಕಂಟ್ರೋಲರ್ ಪಾಲಾಕ್ಷಪ್ಪನವರು ಇಡೀ ಸ್ಟ್ಯಾಂಡು ಸುತ್ತಿ ನೋಡಿ ನನ್ನ ಮುಂದೆ ನಿಂತರು. "ಬಸ್ಸಿನ ವಿಷಯ ನಿನಗಿಂತ ಯಾರಿಗೆ ಗೊತ್ತವ್ವ? ಬಾ. ಮಾತು ನಾನಾಡ್ತೀನಿ, ನೀನು ಪಕ್ಕದಲ್ಲಿ ಕೂತಿರು."

ಕೂರುವುದಾದರೆ ನನಗೇನು ಕಷ್ಟ? ರೈಲಿನಲ್ಲಿ ಹೋದೆವು.

ಅಲ್ಲಿಯ ಬಸ್ಸುಗಳನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮಲ್ಲಿ ಕೆರೆ ಬಸ್ಸು, ಆಸ್ಪತ್ರೆ ಬಸ್ಸು, ಗಿರಣಿ ಬಸ್ಸು ಅಂತ ಹೆಸರುಗಳಿವೆ. ಅಲ್ಲಿ ಹಣೆಯ ಮೇಲೆ ನಂಬರು, ಪಕ್ಕದಲ್ಲೊಂದು ಇಂಗ್ಲಿಷ್ ಅಕ್ಷರ. ಒಂದು ಹೋಯಿತು ಅನ್ನುವಷ್ಟರಲ್ಲಿ ಅದರ ಬೆನ್ನಿಗೆ ಇನ್ನೊಂದು. ಬೆಳಿಗ್ಗೆ ನಾವು ಹತ್ತಿದ ಬಸ್ಸಿನಲ್ಲಿ ಎಷ್ಟು ಜನ ಇದ್ದರೆಂದರೆ ನನ್ನ ಕಾಲ ಮೇಲೆ ಯಾರ ಕಾಲಿದೆ ಅಂತಲೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಐದಾರು ಜನ ಒಂದೇ ಕಂಬಿಗೆ ಜೋತುಬಿದ್ದಿದ್ದರು. ಪಾಲಾಕ್ಷಪ್ಪನವರು ನನ್ನ ಕಿವಿಯ ಹತ್ತಿರ, "ಇದು ಹೊರಡಲ್ಲ ಬಿಡು, ಇಳಿದುಬಿಡೋಣ" ಅನ್ನುತ್ತಿದ್ದ ಹಾಗೇ ಬಸ್ಸು ಹೊರಟೇಬಿಟ್ಟಿತು. ಇಬ್ಬರೂ ಬೆಚ್ಚಿಬಿದ್ದು ಒಬ್ಬರನ್ನೊಬ್ಬರು ನೋಡಿದೆವು. ಅಷ್ಟು ಜನರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ನನ್ನ ಮೊಣಕೈ ಒಬ್ಬ ಹೆಂಗಸಿನ ಪಕ್ಕೆಗೆ ಅರ್ಧ ಗಂಟೆ ಒತ್ತಿಕೊಂಡಿತ್ತು. ಅವಳು ಎಲ್ಲಿ ಇಳಿದಳೋ ನನಗೆ ಕಾಣಲಿಲ್ಲ. ನಮ್ಮೂರಾಗಿದ್ದರೆ ಅಷ್ಟು ಹೊತ್ತಿಗೆ ಅವಳ ಮಗಳ ಬಾಣಂತನದವರೆಗೆ ತಿಳಿದಿರುತ್ತಿತ್ತು.

ಮಧ್ಯಾಹ್ನ ಪಾಲಾಕ್ಷಪ್ಪನವರು ಕಚೇರಿಯ ಹೊರಗೆ ಬೆಂಚಿನ ಮೇಲೆ ನಿದ್ದೆ ಹೋದರು. ನಮ್ಮನ್ನು ನಾಲ್ಕು ಗಂಟೆಗೆ ಕರೆಯುತ್ತೇವೆಂದು ಹೇಳಿದ್ದರು. ನಾನು ಎದುರಿನ ಸ್ಟಾಪಿಗೆ ಹೋಗಿ ಬಂದ ಬಸ್ಸು ಹತ್ತಿದೆ. ಒಳಗೆ ಯಾರೂ ಇರಲಿಲ್ಲ. ಕಂಡಕ್ಟರು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದ. ನಾನು ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಿತು. ನಲವತ್ತೈದು ಸೀಟಿನ ಬಸ್ಸು, ಅಷ್ಟು ದೊಡ್ಡ ಇಂಜಿನ್ನು, ನನ್ನೊಬ್ಬಳಿಗಾಗಿ ಓಡುತ್ತಿತ್ತು! ಯಾರನ್ನೂ ಕಾಯಲಿಲ್ಲ, ಯಾರಿಗೂ ನಾನು ಬೇಕಾಗಿರಲಿಲ್ಲ. ಕೊನೇ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ. ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ತುಂಬಾ ಖುಷಿಯಾಯಿತು. ಇಳಿಯುವಾಗ ಹಿಂದಕ್ಕೆ ತಿರುಗಿ ನೋಡಿದೆ. ನಾನು ಎದ್ದುಬಂದ ಸೀಟು ಖಾಲಿಯಾಗಿದ್ದರೂ ಬಸ್ಸು ಹಾಗೇ ಹೊರಟುಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಸ್ಟಾಪಿನಲ್ಲೇ ನಿಂತಿದ್ದೆ.

ಕಚೇರಿಯಲ್ಲಿ ವಸುಂಧರಾ ಮೇಡಂ ಅಂತ ಒಬ್ಬ ಅಧಿಕಾರಿ ಇದ್ದರು. ಕನ್ನಡಕ, ಬಿಗಿಯಾಗಿ ಕಟ್ಟಿದ ತುರುಬು. ಅವರ ಕುರ್ಚಿ ಖಾಲಿ ಇತ್ತು, ಅವರು ಗೋಡೆಯ ನಕ್ಷೆಯ ಮುಂದೆ ನಿಂತೇ ಮಾತಾಡಿದರು.

"ನಮ್ಮಲ್ಲಿ ಪ್ರಯಾಣಿಕರು ಸರಾಸರಿ ಆರು ನಿಮಿಷ ಕಾಯ್ತಾರೆ. ನಿಮ್ಮಲ್ಲಿ ನಲವತ್ತೇಳು. ಏನ್ರೀ ಇದು ಪಾಲಾಕ್ಷಪ್ಪ?"

"ಸೀಟು ತುಂಬಬೇಕಲ್ಲ ಮೇಡಂ."

"ಅದೇ ನಾನು ಕೇಳ್ತಿರೋದು. ಸೀಟು ತುಂಬಲಿ ಅಂತ ಕಾಯೋದು ಖಾಸಗಿಯವರ ಚಾಳಿ. ನಾವು ಕಾಯೋ ಹಾಗಿಲ್ಲ."

"ನಾವೆಲ್ಲಿ ಕಾಯ್ತೀವಿ ಮೇಡಂ? ಬಸ್ಸು ಕಾಯುತ್ತೆ."

"ತಮಾಷೆ ಬೇಡ," ಅಂದರು ಮೇಡಂ. "ಮುಂದಿನ ಹದಿನಾಲ್ಕನೇ ತಾರೀಖು, ಸೋಮವಾರ, ಒಂಬತ್ತೂವರೆ ಬಸ್ಸಿಗೆ ನಾನೇ ಬರ್ತೀನಿ. ಹತ್ತೂ ಹತ್ತಕ್ಕೆ ಆಸ್ಪತ್ರೆ ಮುಂದೆ ಇರ್ಬೇಕು. ಒಂದು ನಿಮಿಷ ತಡ ಆದ್ರೂ ಆ ಬಸ್ಸನ್ನ ಇಲ್ಲಿಗೆ ತರಿಸ್ಕೋತೀನಿ. ಇಲ್ಲಿ ಜನ ಜೋತುಬಿದ್ದು ಸಾಯ್ತಿದ್ದಾರೆ, ಅಲ್ಲಿ ಬಸ್ಸು ನಿಂತು ತೂಕಡಿಸ್ತಿದೆ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಜೋತುಬಿದ್ದವರನ್ನು ನಾನೂ ನೋಡಿದ್ದೆ. ಆದರೆ ನಮ್ಮ ಆಸ್ಪತ್ರೆ ಊರಿನಿಂದಾಚೆ, ಕೆರೆಯ ಆ ಬದಿಗಿದೆ. ಬಸ್ಸು ಹೋದರೆ ಬಸುರಿಯರು, ಮುದುಕರು ಅಷ್ಟು ದೂರ ಹೇಗೆ ಹೋಗಬೇಕು? ವಾಪಸ್ಸು ರೈಲಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಯೋಚನೆಯ ತಳದಲ್ಲಿ ಇನ್ನೊಂದಿತ್ತು. ಆ ಬಸ್ಸು ಹೋದರೆ ನಾನು ಎಲ್ಲಿ ಕೂರಬೇಕು? ನಾನಿಲ್ಲದೆ ಹೊರಡಲಾರೆ ಅನ್ನುವ ಇನ್ನೊಂದು ಜಾಗ ಈ ಭೂಮಿಯ ಮೇಲೆ ನನಗೆ ಗೊತ್ತಿರಲಿಲ್ಲ.

ಪಾಲಾಕ್ಷಪ್ಪನವರು ಊರಿಗೆ ಬಂದದ್ದೇ ಆಟೋಗೆ ಮೈಕು ಕಟ್ಟಿಸಿ ಸಾರಿಸಿದರು. "ಹದಿನಾಲ್ಕನೇ ತಾರೀಖು ಸೋಮವಾರ ನಮ್ಮ ಆಸ್ಪತ್ರೆ ಬಸ್ಸಿನ ಪರೀಕ್ಷೆ! ಒಂದು ಸೀಟೂ ಖಾಲಿ ಉಳಿಯಬಾರದು! ಊರಿನ ಮಾನ ಕಾಪಾಡಿ!" ಮೂರು ದಿನ ಆಟೋ ಸುತ್ತಿತು. ಬೇರೆ ಯಾವ ಊರಿನವರೂ ಮಾಡಲಾರದ ತಪ್ಪನ್ನು ನಾವು ಮಾಡಿದೆವು. ಸೀಟು ಖಾಲಿ ಉಳಿಯುವುದೊಂದೇ ನಮ್ಮ ತಲೆತಲಾಂತರದ ಭಯ. ಜನ ಹೆಚ್ಚಾದರೂ ಬಸ್ಸು ನಿಲ್ಲುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಭರ್ತಿಯವರು ಇಳಿದರೂ ಸಾಲದಷ್ಟು ಹೆಚ್ಚಾಗಿದ್ದನ್ನು ಯಾರೂ ಕಂಡಿರಲಿಲ್ಲ.

ಸೋಮವಾರ ನಾನು ಎಂಟೂವರೆಗೆ ಸ್ಟ್ಯಾಂಡಿಗೆ ಬಂದಾಗ ಬಸ್ಸಿನೊಳಗೆ ಕಾಲಿಡಲು ಜಾಗವಿರಲಿಲ್ಲ. ತಿಪ್ಪಕ್ಕ ನನಗೆ ಅಂತ ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ತನ್ನ ಊಟದ ಡಬ್ಬಿ ಇಟ್ಟು ಕಾಯ್ದಿದ್ದಳು. ಸೀಟುಗಳೆಲ್ಲ ತುಂಬಿ, ನಡುದಾರಿಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಇನ್ನೂ ಅಷ್ಟೇ ಜನ ಕೆಳಗೆ. ಗಿರಣಿಯವರು ಒಂದು ಪಾಳಿ ತಡವಾಗಿ ಬರುತ್ತೇವೆಂದು ಹೇಳಿ ಬಂದಿದ್ದರು. ಸಾಕವ್ವಜ್ಜಿ ಹೊಸ ಸೀರೆ ಉಟ್ಟು ಅವರೆಕಾಯಿ ಇಲ್ಲದೆ ಬರಿಗೈಯಲ್ಲಿ ಕೂತಿದ್ದಳು, ಮದುವೆಗೆ ಬಂದವಳ ಹಾಗೆ.

ಒಂಬತ್ತೂವರೆಗೆ ಸರಿಯಾಗಿ ಜೀಪು ಬಂತು. ವಸುಂಧರಾ ಮೇಡಂ ಇಳಿದು ಬಸ್ಸನ್ನು ನೋಡಿದರು. ಅವರ ಮುಖ ಅರಳಿತು. "ಪರವಾಗಿಲ್ವೇ! ನಮ್ಮ ಕಡೆಯ ಹಾಗೇ ತುಂಬಿದೆ. ಸರಿ, ಬಸ್ಸು ಬಿಡಿ," ಅಂದು ಹತ್ತಿ ಡ್ರೈವರಿನ ಹಿಂದಿನ ಕಂಬಿ ಹಿಡಿದು ನಿಂತರು, ಕೈಯಲ್ಲಿ ಫೈಲು.

ದಸ್ತಗೀರಣ್ಣ ಗೇರು ಹಾಕಿ ನೋಡಿದ. ಬೀಳಲಿಲ್ಲ. ಅವನು ಕನ್ನಡಿಯಲ್ಲಿ ತಿಪ್ಪಕ್ಕನನ್ನು ನೋಡಿದ.

"ನಿಂತೋರೆಲ್ಲ ಇಳೀರಪ್ಪೋ!" ತಿಪ್ಪಕ್ಕ ಕೂಗಿದಳು.

"ನಾನ್ಯಾಕೆ ಇಳೀಲಿ? ಆರು ಗಂಟೆಗೇ ಬಂದೋನು ನಾನು," ಅಂದ ಗಿರಣಿಯವನೊಬ್ಬ. "ಕೂತಿರೋರು ಇಳೀಲಿ."

"ಮುಂಚೆ ಕೂತೋರಿಗೆ ಸೀಟು ಕಣಯ್ಯ."

"ನೀನು ಕೂತಿದ್ದು ಊರ ಮಾನಕ್ಕೋ ಕಿಟಕಿ ಗಾಳಿಗೋ?"

"ಊರಿಗೋಸ್ಕರ ಅಂತ ಬಂದ್ರೆ ಇಳಿ ಅಂತಾರೆ! ಮೈಕಲ್ಲಿ ಕರೆಯೋವಾಗ ನೆನಪಿರ್ಲಿಲ್ವಾ ಪಾಲಾಕ್ಷಪ್ಪಾ?"

ಪಾಲಾಕ್ಷಪ್ಪನವರು ಬಾಗಿಲಲ್ಲಿ ಕೈಮುಗಿದುಕೊಂಡು ನಿಂತಿದ್ದರು. ಅವರೂ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಐದು ನಿಮಿಷ ಹೋಯಿತು. ಮೇಡಂ ಗಡಿಯಾರ ನೋಡಿ ಫೈಲಿನಲ್ಲಿ ಏನೋ ಬರೆದರು. ಇಳಿಯಬಾರದೆಂದು ಯಾರಿಗೂ ಹಠವಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಮನೆಯಲ್ಲಿ ಹೇಳಿ ಬಂದಿದ್ದರು, ಬುತ್ತಿ ಕಟ್ಟಿಸಿಕೊಂಡಿದ್ದರು. ಇಳಿದರೆ ಇವತ್ತಿನ ದೊಡ್ಡ ಕೆಲಸದಲ್ಲಿ ತಮ್ಮ ಪಾಲು ಇಲ್ಲದ ಹಾಗಾಗುತ್ತದೆ ಅಂತ ಪ್ರತಿಯೊಬ್ಬರಿಗೂ ಸಂಕಟ.

ಆಗಲೇ ನನಗೆ ಇನ್ನೊಂದು ಹೊಳೆಯಿತು. ಅಲ್ಲ, ಹೊಳೆಯಲಿಲ್ಲ, ಅದು ಎಂಟು ವರ್ಷದಿಂದ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಇವರನ್ನೆಲ್ಲ ಇಳಿಸಿ ಬಸ್ಸು ಹೊರಟರೂ ದಾರಿಯಲ್ಲಿ ಹನ್ನೆರಡು ಜನ ಇಳಿಯುತ್ತಾರೆ. ಸಂತೆಪೇಟೆಯಲ್ಲಿ ಐದು, ಎಣ್ಣೆ ಗಿರಣಿಯಲ್ಲಿ ನಾಲ್ಕು, ನೀರಿನ ಟ್ಯಾಂಕಿನ ಹತ್ತಿರ ಎರಡು, ಹಳೇ ಜೈಲಿನ ಹತ್ತಿರ ಒಬ್ಬರು. ಅಲ್ಲಲ್ಲಿ ಹತ್ತುವವರು ಯಾರು? ಊರಿಗೆ ಊರೇ ಇಲ್ಲಿದೆ! ಬಸ್ಸು ಕೋಟೆ, ಕೆರೆ ಎಲ್ಲ ಸುತ್ತಿಕೊಂಡು ಹೋಗುತ್ತದೆ. ಗಲ್ಲಿಗಳು ನೆಟ್ಟಗೆ ಹೋಗುತ್ತವೆ. ಓಡುವವರು ಬಸ್ಸಿಗಿಂತ ಮುಂಚೆ ಮುಟ್ಟಬಹುದು.

ನಾನು ಎದ್ದು ನಿಂತೆ. ಎದ್ದದ್ದು ಯಾವಾಗ ಅಂತ ನನಗೇ ತಿಳಿಯಲಿಲ್ಲ.

"ಸಂತೆಪೇಟೆಗೆ ಐದು ಜನ ಬೇಕು," ಅಂದೆ. ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಹೇಳಿದಾಗ ದನಿ ನನ್ನದಲ್ಲವೇನೋ ಅನ್ನುವಷ್ಟು ಜೋರಾಗಿತ್ತು. "ಸಂತೆಪೇಟೆಯಲ್ಲಿ ಐದು ಸೀಟು ಖಾಲಿ ಆಗುತ್ತೆ! ಹೂವಿನವರು ನಾಲ್ಕು ಜನ, ಬಸಲಿಂಗಯ್ಯನೋರು ಒಬ್ರು. ಅಲ್ಲಿ ಹತ್ತೋಕೆ ಐದು ಜನ ಬೇಕು. ಕುಂಬಾರ ಗಲ್ಲೀಲಿ ಓಡಿದ್ರೆ ಬಸ್ಸಿಗಿಂತ ಮುಂಚೆ ಹೋಗಬಹುದು. ಯಾರು ಓಡ್ತೀರಿ?"

ಜಗಳವಾಡುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಅಯ್ಯೋ, ಹಾಲಮ್ಮ ಮಾತಾಡ್ತಾಳೆ ಕಣ್ರೋ!" ಅಂದಳು ಸಾಕವ್ವಜ್ಜಿ.

"ಗಿರಣಿಯೋರು ನಾಲ್ಕು ಜನ ಗಿರಣಿ ಸ್ಟಾಪಿಗೆ ಹೋಗಿ. ನಿಮ್ಮ ಪಾಳಿಯವರೇ ಅಲ್ಲಿ ಇಳೀತಾರೆ, ಅವರ ಸೀಟಿಗೆ ನೀವು. ಟ್ಯಾಂಕಿಗೆ ಇಬ್ರು, ಕಾಲು ಗಟ್ಟಿ ಇರೋರು, ಏರು ಇದೆ. ಹಳೇ ಜೈಲಿಗೆ..." ಅದು ಎಲ್ಲಕ್ಕಿಂತ ದೂರ. "ಅದು ಆಮೇಲೆ ನೋಡೋಣ. ಮೊದಲು ಇವರು ಹೊರಡಲಿ!"

ಹತ್ತುವುದಕ್ಕೆ ಒಂದು ಸೀಟು ಕಾದಿದೆ ಅಂದದ್ದೇ ಇಳಿಯುವುದು ಯಾರಿಗೂ ಅವಮಾನವಾಗಿ ಉಳಿಯಲಿಲ್ಲ. ನಿಂತವರು ದಡದಡ ಇಳಿದರು. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡವರು, ಚಪ್ಪಲಿ ಕೈಯಲ್ಲಿ ಹಿಡಿದವರು, ಎಲ್ಲರೂ ಗಲ್ಲಿಗಳ ಕಡೆಗೆ ಓಡಿದರು. ಸೀಟು ಸಿಗದವರೂ ಸುಮ್ಮನೆ ಅವರ ಹಿಂದೆ ಓಡಿದರು. ಪಾಲಾಕ್ಷಪ್ಪನವರು ಮೆಟ್ಟಿಲಿನಿಂದ ಕಾಲು ತೆಗೆದರು. ನಾನು ಕೂತೆ.

ಗೇರು ಬೀಳಲಿಲ್ಲ.

ತಿಪ್ಪಕ್ಕ ಎರಡು ಸಲ ತಲೆ ಎಣಿಸಿದಳು. ಮೂವತ್ತಾರು. ಎಲ್ಲರ ಕಣ್ಣೂ ನಿಧಾನವಾಗಿ ಒಂದೇ ಕಡೆ ಹೋಯಿತು. ಮೇಡಂ ಕಂಬಿ ಹಿಡಿದು ನಿಂತೇ ಇದ್ದರು. ಅಧಿಕಾರಿ ಅಂದಮೇಲೆ ಕಂಡಕ್ಟರ ಹಾಗೆ ಲೆಕ್ಕದಿಂದ ಹೊರಗೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಬಸ್ಸು ಹಾಗೆ ಅಂದುಕೊಂಡಿರಲಿಲ್ಲ.

"ನೀವು ಹೇಳಿ," ಅಂದಳು ತಿಪ್ಪಕ್ಕ ಪಾಲಾಕ್ಷಪ್ಪನವರಿಗೆ ಮೆಲ್ಲಗೆ.

"ನಾನಾ? ನನ್ನ ಮಗಳ ಮದುವೆ ಇದೆ ಕಣೇ, ಈಗ ಕೆಲಸ ಹೋದ್ರೆ?" ಅಂದರು ಅವರು ಕೆಳಗಿನಿಂದ.

ಒಂಬತ್ತೂ ನಲವತ್ತೆರಡು. ನಾನು ಹಿಂದಿನ ಸೀಟಿನಿಂದ ಎದ್ದು ಮುಂದೆ ಹೋದೆ. ಅಷ್ಟು ದೂರವನ್ನು ನಾನು ಯಾವತ್ತೂ ಹಾಗೆ ನಡೆದಿರಲಿಲ್ಲ, ಎರಡೂ ಕಡೆಯವರು ಮುಖ ಎತ್ತಿ ನೋಡುತ್ತಿರುವಾಗ.

"ಮೇಡಂ, ನೀವು ಕೂತ್ಕೋಬೇಕು."

"ನಾನು ತಪಾಸಣೆಗೆ ಬಂದವಳಮ್ಮ. ಹತ್ತೊಂಬತ್ತು ವರ್ಷದಿಂದ ನಿಂತೇ ತಪಾಸಣೆ ಮಾಡೋದು."

"ನಮ್ಮಲ್ಲಿ ಆಗಲ್ಲ ಮೇಡಂ. ನಿಂತವರು ಇದ್ರೆ ಹೊರಡಲ್ಲ. ಹಿಂದಿನ ಬಾಗಿಲ ಹತ್ರ ನನ್ನ ಸೀಟಿದೆ. ನಾನು ಇಳೀತೀನಿ."

"ಮತ್ತೆ ನೀನು?"

"ನನಗೆ ಹಳೇ ಜೈಲಿನ ಹತ್ರ ಒಂದು ಸೀಟು ಖಾಲಿ ಆಗುತ್ತೆ," ಅಂದೆ.

ಅವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ತಿಪ್ಪಕ್ಕನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತರು. ನಾನು ಕೆಳಗೆ ಹಾರಿದೆ. ಬೆನ್ನ ಹಿಂದೆ ಗೇರು ಬಿದ್ದ ಸದ್ದು ಕೇಳಿಸಿತು. ಬಸ್ಸು ನಾನಿಲ್ಲದೆ ಹೊರಟುಹೋಯಿತು. ತಿರುಗಿ ನೋಡುವಷ್ಟು ಪುರಸೊತ್ತಿರಲಿಲ್ಲ.

ಓಡಿದೆ. ಕುಂಬಾರ ಗಲ್ಲಿ, ಅಲ್ಲಿಂದ ಮಸೀದಿಯ ಹಿಂದಿನ ಓಣಿ, ಅಲ್ಲಿಂದ ಕೆರೆ ಏರಿ. ಏರಿಯ ಮೇಲೆ ಓಡುವಾಗ ಎಡಗಡೆ ನೀರಿನಾಚೆ ರಸ್ತೆಯಲ್ಲಿ ನಮ್ಮ ಬಸ್ಸು ಬೆಂಕಿಪೊಟ್ಟಣದ ಹಾಗೆ ಕಾಣಿಸಿತು. ಅದು ಸಂತೆಪೇಟೆಯಲ್ಲಿ ನಿಂತಿತು. ನಾನು ಓಡುತ್ತಲೇ ಉಸಿರು ಬಿಗಿಹಿಡಿದೆ. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಅದು ಹೊರಟಿತು. ಗಿರಣಿಯ ಹತ್ತಿರ ನಿಂತಿತು, ಹೊರಟಿತು. ಟ್ಯಾಂಕಿನ ಹತ್ತಿರ ಒಂದಿಷ್ಟು ಹೆಚ್ಚು ಹೊತ್ತು ನಿಂತ ಹಾಗೆ ಕಂಡಿತು. ಆಮೇಲೆ ಅದೂ ಹೊರಟಿತು. ಎಂಟು ವರ್ಷದಲ್ಲಿ ಆ ಬಸ್ಸು ಅಷ್ಟು ಸರಾಗವಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ. ಒಳಗೆ ಕೂತಿದ್ದರೆ ಕಾಣುತ್ತಲೂ ಇರಲಿಲ್ಲ.

ಹಳೇ ಜೈಲು ಈಗ ಶಾಲೆ. ನಾನು ಗೇಟಿನ ಮುಂದೆ ಬಂದು ಪಕ್ಕೆ ಹಿಡಿದುಕೊಂಡು ಬಗ್ಗಿ ನಿಲ್ಲುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಪಂಚಾಕ್ಷರಿ ಮೇಷ್ಟ್ರು ಎಂದಿನ ಹಾಗೆ ಕೊಡೆ ಹಿಡಿದು ಇಳಿದರು. ಅವರ ಹಿಂದೆಯೇ ಒಬ್ಬ ಹೆಂಗಸು ಇಳಿದು, ಸೆರಗು ಸರಿಮಾಡಿಕೊಂಡು ಲಗುಬಗೆಯಿಂದ ಶಾಲೆಯೊಳಗೆ ಹೋಗಿಬಿಟ್ಟಳು. ಅವಳು ದಿನಾ ಆಸ್ಪತ್ರೆಯಲ್ಲಿ ಇಳಿಯುವವಳು. ಇವತ್ತು ತಂಗಿಯ ಮಗುವನ್ನು ಶಾಲೆಗೆ ಸೇರಿಸಬೇಕಿತ್ತಂತೆ. ನಾನು ಹಾಕಿದ ಲೆಕ್ಕ ತಪ್ಪಿದ್ದು ಅಲ್ಲೊಂದೇ ಕಡೆ.

ನಾನು ಹತ್ತಿ ಮೇಷ್ಟ್ರ ಸೀಟಿನಲ್ಲಿ ಕೂತೆ. ಒಂದು ಸೀಟು ಖಾಲಿಯೇ ಉಳಿಯಿತು. ಹತ್ತೂ ನಾಲ್ಕು. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ಎಲ್ಲರೂ ಪರೀಕ್ಷೆ ನೋಡಲು ಸ್ಟ್ಯಾಂಡಿಗೆ ಹೋಗಿದ್ದರು. ಮೇಷ್ಟ್ರು ಗೇಟಿನ ಹತ್ತಿರ ನಿಂತು ಕನ್ನಡಕ ಒರೆಸುತ್ತಿದ್ದರು.

"ಮೇಷ್ಟ್ರೇ!" ಕಿಟಕಿಯಿಂದ ಕೂಗಿದೆ. "ಹತ್ತಿ!"

ಅವರು ತಿರುಗಿದರು. "ಯಾರು, ಹಾಲಮ್ಮನಾ? ನನಗೆ ಹತ್ತೂ ಕಾಲಿಗೆ ಕ್ಲಾಸಿದೆಯಮ್ಮ."

"ಇವತ್ತು ಒಂದು ದಿನ ಹುಡುಗರು ಬದುಕ್ಕೊಳ್ಳಲಿ ಮೇಷ್ಟ್ರೇ, ಬೇಗ ಹತ್ತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರು ಕೊಡೆ ಮಡಚಿ, ಹೇಳಿದ ಮಾತು ಕೇಳುವ ವಿದ್ಯಾರ್ಥಿಯ ಹಾಗೆ ಬಂದು ಕೂತರು. ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ ಹತ್ತೂ ಒಂಬತ್ತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚಪ್ಪಾಳೆ ಹೊಡೆದರೆ ಎಲ್ಲಿ ಏನು ಕೆಡುತ್ತದೋ ಅಂತ ಭಯ. ಎಲ್ಲರೂ ಇಳಿದು ಮೇಡಂ ಮುಖ ನೋಡುತ್ತಾ ನಿಂತರು. ಅವರು ನನ್ನ ಹತ್ತಿರ ಬಂದರು.

"ನೀನು ಆವತ್ತು ನಮ್ಮ ಕಚೇರಿಗೆ ಬಂದವಳಲ್ವಾ? ಒಂದು ಮಾತೂ ಆಡಲಿಲ್ಲ."

"ನೀವು ಕೇಳಿದ್ದು ಪಾಲಾಕ್ಷಪ್ಪನೋರನ್ನ."

"ಕೇಳಿದ್ರೆ ಹೇಳ್ತಿದ್ದೆಯಾ?"

"ಆವತ್ತು ಹೇಳ್ತಿರಲಿಲ್ಲ," ಅಂದೆ. ಅದು ನಿಜ.

ಅವರ ಜೀಪು ಹಿಂದೆಯೇ ಬಂದಿತ್ತು. ಅವರು ಅದರ ಹತ್ತಿರ ಹೋಗಿ ಫೈಲನ್ನು ಬಾನೆಟ್ಟಿನ ಮೇಲೆ ಬಿಡಿಸಿಟ್ಟರು. ಅಷ್ಟರಲ್ಲಿ ವಾಪಸ್ಸು ಹೋಗುವವರು ಬಸ್ಸು ಹತ್ತತೊಡಗಿದ್ದರು. ಮದ್ದು ತೆಗೆದುಕೊಂಡವರು, ರಾತ್ರಿ ರೋಗಿಯ ಹತ್ತಿರ ಉಳಿದಿದ್ದವರು, ಓಡಿ ಬಂದು ಹತ್ತಿದ್ದ ನಮ್ಮವರು, ಮೇಷ್ಟ್ರು. ಒಬ್ಬ ಬಾಣಂತಿ ಮೂರು ದಿನದ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತನ್ನ ಅತ್ತೆಯ ಜೊತೆ ಹತ್ತಿದಳು. ಎಲ್ಲ ಕೂತ ಮೇಲೆ ತಿಪ್ಪಕ್ಕ ಎಣಿಸಿ ಬಾಗಿಲಿಗೆ ಬಂದಳು.

"ಒಂದು ಸೀಟು! ಒಂದೇ ಒಂದು! ಯಾರಾದ್ರೂ ಬನ್ರಪ್ಪಾ, ಹಸಿ ಬಾಣಂತಿ ಇದ್ದಾಳೆ!"

ಆಸ್ಪತ್ರೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಮಗು ಅಳಲು ಶುರು ಮಾಡಿತು. ಮೇಡಂ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಬಸ್ಸಿನ ಕಡೆ ನೋಡಿದರು. ಅವರ ಕೆಲಸ ಹತ್ತೂ ಒಂಬತ್ತಕ್ಕೇ ಮುಗಿದಿತ್ತು. ಅವರನ್ನು ಕರೆಯಲು ತಿಪ್ಪಕ್ಕನಿಗೂ ಧೈರ್ಯ ಬರಲಿಲ್ಲ, ನಾನೂ ಕರೆಯಲಿಲ್ಲ. ಅವರು ಜೀಪಿನ ಡ್ರೈವರಿಗೆ ಏನೋ ಹೇಳಿ, ಫೈಲನ್ನು ಎದೆಗವಚಿಕೊಂಡು ಬಂದು ನನ್ನ ಪಕ್ಕ ಕೂತರು. ಗೇರು ಬಿತ್ತು.

ದಾರಿಯಲ್ಲಿ ಅವರು ಮಡಿಲ ಮೇಲೆ ಫೈಲಿಟ್ಟುಕೊಂಡು ಫಾರಂ ತುಂಬಿದರು. ಓರೆಗಣ್ಣಿನಿಂದ ಓದುವುದು ನನಗೆ ಬಲು ರೂಢಿ. 'ಸೇವೆಯನ್ನು ಮುಂದುವರಿಸಬಹುದೇ?' ಅನ್ನುವ ಸಾಲಿನ ಮುಂದೆ 'ಹೌದು' ಅಂತ ಬರೆದು ಕೆಳಗೆ ಒಂದು ಗೆರೆ ಎಳೆದರು. 'ಆರಂಭದಲ್ಲಿ ಆದ ವಿಳಂಬಕ್ಕೆ ಕಾರಣ' ಅನ್ನುವಲ್ಲಿಗೆ ಬಂದು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತರು.

"ಇಲ್ಲಿ ಏನು ಬರೀಲಿ ಹಾಲಮ್ಮ?"

"ತಪಾಸಣೆ ಅಂತ ಬರೀರಿ ಮೇಡಂ."

ಅವರು ನನ್ನ ಕಡೆ ತಿರುಗಿ ದಿಟ್ಟಿಸಿದರು. ಆಮೇಲೆ ತುಟಿ ಬಿಗಿಹಿಡಿದು ಅದನ್ನೇ ಬರೆದರು. ಫೈಲು ಮುಚ್ಚಿ ಕಿಟಕಿಯಾಚೆ ನೋಡಿದವರು ತಟ್ಟನೆ ನೆಟ್ಟಗಾದರು.

"ಅಲ್ಲ, ಮುಂದೆ ಶಾಲೆ ಬಂತು. ನಿಮ್ಮ ಮೇಷ್ಟ್ರು ಇಳೀತಾರಲ್ವಾ? ಅವರ ಸೀಟಿಗೆ ಯಾರಿದ್ದಾರೆ?"

ಯಾರೂ ಇರಲಿಲ್ಲ. ಹೋಗುವುದೊಂದನ್ನೇ ಯೋಚಿಸಿದ್ದೆವು, ಬರುವುದನ್ನು ಯಾರೂ ಯೋಚಿಸಿರಲಿಲ್ಲ. ಮೇಷ್ಟ್ರು ಆಗಲೇ ಕೊಡೆ ಕೈಗೆತ್ತಿಕೊಂಡಿದ್ದರು. ನಾನು ಮೇಡಂ ಮಡಿಲಿನ ಮೇಲಿನಿಂದ ಬಾಗಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಶಾಲೆಯ ಅಂಗಳದ ಆಚೆ ಹೊಗೆ ಏಳುತ್ತಿದ್ದ ಅಡುಗೆ ಮನೆಗೆ ಕೇಳುವಷ್ಟು ಜೋರಾಗಿ ಕೂಗಿದೆ.

"ಒಬ್ರು ಬೇಕೂ! ಸ್ಟ್ಯಾಂಡಿನವರೆಗೆ!"

ಬಿಸಿಯೂಟದ ಬಂಗಾರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಒಲೆಯ ಕಡೆ ಒಮ್ಮೆ ತಿರುಗಿ, "ಸಾರು ನೋಡ್ಕೊಳ್ರೇ," ಅಂತ ಒಳಗಿನವರಿಗೆ ಹೇಳಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಗೇಟಿನ ಕಡೆ ಓಡಿದಳು. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ.